ಸಾಹೇಬರ ಸಾಲು

“ಓರೆ ಮಾಡಿ, ಓರೆ! ತಲೆ ಕಡೆಯವರು ಸ್ವಲ್ಪ ಮೇಲೆತ್ತಿ… ಅಯ್ಯೋ, ಗೋಡೆಗೆ ತಾಗ್ತಿದೆ!”

ನಾಲ್ವರು ಖಾಲಿ ಶವಪೆಟ್ಟಿಗೆಯನ್ನು ಹೊತ್ತು, ಮುಂಬಾಗಿಲಿನಿಂದ ಹಾಲ್‌ಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಎದುರಿಗೆ ಒಂದು ಏಣಿ ಅಡ್ಡ ನಿಂತಿತ್ತು. ಹೊಚ್ಚ ಹೊಸದು, ಮಡಚುವಂಥದ್ದು. ಅಂಗಡಿಯ ಚೀಟಿ ಇನ್ನೂ ಅದರ ಕಾಲಿಗೆ ಅಂಟಿಕೊಂಡೇ ಇತ್ತು.

“ಈ ಏಣೀನ ಇನ್ನೂ ಯಾಕಪ್ಪ ಇಲ್ಲೇ ಬಿಟ್ಟಿದ್ದೀರಿ? ಎತ್ತಿ ಹಿತ್ತಿಲಿಗೆ ಹಾಕಿ!” ಎಂದು ಚಿಕ್ಕಪ್ಪ ಗದರಿದರು.

“ಅದನ್ನ ಮುಟ್ಟಬೇಡಿ,” ಎಂದರು ಅಮ್ಮ, ಒಳಗಿನಿಂದ. ಬೆಳಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು.

ಆ ಏಣಿಯ ಎರಡನೆಯ ಮೆಟ್ಟಿಲ ಮೇಲೆ ಕೂತೇ ಶಾಸಕರು ಬುಧವಾರ ಪ್ರಾಣ ಬಿಟ್ಟಿದ್ದರು. ಎಪ್ಪತ್ನಾಲ್ಕು ವರ್ಷ, ಎರಡು ಸಲ ಕೈಕೊಟ್ಟ ಹೃದಯ. ಯಾರಿಗೂ ಹೇಳದೆ ಪೇಟೆಗೆ ಹೋಗಿ ಏಣಿ ಕೊಂಡಿದ್ದರು, ಬಾಡಿಗೆ ಗಾಡಿಯಲ್ಲಿ ತಂದಿದ್ದರು, ತಾವೇ ಒಳಗೆ ಎಳೆದು ಬಿಡಿಸಿ ನಿಲ್ಲಿಸಿದ್ದರು. ದಣಿವಾರಿಸಿಕೊಳ್ಳಲು ಕೂತವರು ಮತ್ತೆ ಏಳಲಿಲ್ಲ. ಏಣಿ ಯಾಕೆ ಬೇಕಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯದು. ತಿಳಿಯದ್ದಕ್ಕೆ ಜನ ಸುಮ್ಮನಿರುತ್ತಾರೆಯೇ? ಅಂಗಳದ ಬಾಡಿಗೆ ಕುರ್ಚಿಗಳಲ್ಲಿ ಅಳುವವರಿಗಿಂತ ಪಿಸುಗುಟ್ಟುವವರೇ ಹೆಚ್ಚಾಗಿದ್ದರು.

“ಅಟ್ಟದ ಮೇಲೆ ಏನೋ ಬಚ್ಚಿಟ್ಟಿರಬೇಕು ಕಣ್ರೀ. ಇಲ್ದಿದ್ರೆ ಆ ವಯಸ್ಸಲ್ಲಿ ಏಣಿ ಹತ್ತೋ ಹುಚ್ಚು ಯಾರಿಗಿರುತ್ತೆ?”

“ಏನೋ ಅಂದ್ರೆ ಏನು?”

“ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ? ಸದನದಲ್ಲಿ ಪ್ರಶ್ನೆ ವಾಪಸ್ ತಗೊಂಡ್ರಲ್ಲ. ಮೂವತ್ತು ವರ್ಷ ಗೋಧಿ ಗೋಧಿ ಅಂತ ಕೂಗಿದೋರು ಸುಮ್‌ಸುಮ್ನೆ ವಾಪಸ್ ತಗೋತಾರಾ?”

“ಶ್… ಮಗಳು ಬರ್ತಿದ್ದಾಳೆ.”

ಮಗಳು ನೀರಿನ ಲೋಟಗಳ ತಟ್ಟೆ ಹಿಡಿದು ಬಂದಳು. ಆಸ್ಪತ್ರೆಯಲ್ಲಿ ನರ್ಸ್. ಪಿಸುಮಾತು ಕೇಳಿ ಕೇಳಿ ಅವಳ ಕಿವಿ ಪಳಗಿತ್ತು. ಎಲ್ಲ ಕೇಳಿಸಿಕೊಂಡಳು. ಲೋಟ ಕೊಟ್ಟಳು. ಇವರ ಮೇಲೆ ರೇಗುವುದಕ್ಕೆ ಅವಳಿಗೆ ಬಾಯಿರಲಿಲ್ಲ. ಇದೇ ಮಾತನ್ನು ಅವಳೇ ಅಪ್ಪನ ಮುಖಕ್ಕೆ ಹೊಡೆದಂತೆ ಕೇಳಿದ್ದಳು, ಇನ್ನೂ ಒರಟಾಗಿ.

ಒಳಗೆ ಕೊನೆಗೂ ಪೆಟ್ಟಿಗೆ ಇಳಿಯಿತು. ಶಾಸಕರನ್ನು ಮಲಗಿಸಿದಾಗ ಕಾಲಿನ ಕಡೆ ಒಂದೂವರೆ ಅಡಿ ಜಾಗ ಉಳಿಯಿತು. ಅವರು ಅಷ್ಟು ಕುಳ್ಳು. ಸದನದಲ್ಲಿ ಅವರು ಎದ್ದರೆಂದರೆ ಮೈಕಿನ ಕತ್ತು ಬಗ್ಗಿಸಲು ಒಬ್ಬ ಓಡಿ ಬರುತ್ತಿದ್ದ.

“ಸರ್ಕಾರದಿಂದ ಬಂದ ಪೆಟ್ಟಿಗೆ,” ಎಂದರು ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತ. “ಸರ್ಕಾರಿ ಖರೀದಿಯಲ್ಲಿ ಅಳತೆ ಕೇಳೋದುಂಟಾ? ಅಣ್ಣ ಇದ್ದಿದ್ರೆ ಇದರ ಮೇಲೂ ಒಂದು ಪ್ರಶ್ನೆ ಹಾಕೋನು.”

ಅಮ್ಮನೂ ನಕ್ಕರು, ನಗುತ್ತಲೇ ಅತ್ತರು. ಚಿಕ್ಕಪ್ಪ ಮೂವತ್ತು ವರ್ಷ ಅಣ್ಣನ ಕಾಗದಪತ್ರ ನೋಡಿಕೊಂಡವರು. ಹಾಲ್‌ನಿಂದ ಎದ್ದು ಅಣ್ಣನ ಕೋಣೆಗೆ ಹೋದರು. ಅವರು ಮೇಜಿನ ಖಾನೆ ತೆಗೆದು, ಒಂದು ಹಾಳೆ ಮಡಚಿ ಕೋಟಿನ ಒಳಜೇಬಿಗೆ ಇಳಿಸಿದ್ದನ್ನು ಮಗಳು ಬಾಗಿಲ ಸಂದಿಯಿಂದ ಕಂಡಳು.

ಇವರೂ ಇದರಲ್ಲಿ ಸೇರಿದ್ದಾರೆಯೇ?

*

ಅವಳಿಗೆ ಆಗ ಒಂಬತ್ತು ವರ್ಷ. ಅಪ್ಪ ಮೊದಲ ಸಲ ಗೆದ್ದಿದ್ದರು. ಗೋದಾಮಿಗೆ ಹೊರಟವರು ಅವಳನ್ನೂ ಕರೆದುಕೊಂಡು ಹೋಗಿದ್ದರು.

ಅಲ್ಲಿ ಚೀಲಗಳನ್ನು ಛಾವಣಿಯವರೆಗೆ ಒಟ್ಟಿದ್ದರು. ಅಪ್ಪನ ಕೈಯಲ್ಲಿ ಒಂದು ಕಬ್ಬಿಣದ ಕೊಳವೆ, ಮೊಳದುದ್ದ, ಒಂದು ತುದಿ ಚೂಪು. ಮನೆಯಲ್ಲಿ ಅದಕ್ಕೆ ಚುಚ್ಚುಗೊಳವೆ ಎಂದೇ ಹೆಸರು. ಅದನ್ನು ಚೀಲದ ಹೊಟ್ಟೆಗೆ ಚುಚ್ಚಿ ಬಗ್ಗಿಸಿದರೆ ಒಳಗಿನ ಗೋಧಿ ಸುರುಸುರು ಎಂದು ಅಂಗೈಗೆ ಬೀಳುತ್ತಿತ್ತು.

“ಮೊದಲು ನೋಡು. ಆಮೇಲೆ ಮೂಸು. ಆಮೇಲೆ ಒಂದು ಕಾಳು ಕಚ್ಚು. ಟಕ್ ಅಂದ್ರೆ ಒಳ್ಳೇದು, ಮೆತ್ತಗಿದ್ರೆ ಒದ್ದೆ, ಕಹಿ ಇದ್ರೆ ಹುಳ ತಿಂದಿದೆ. ಗೊತ್ತಾಯ್ತಾ?”

“ನೀವು ಸಾಹೇಬ್ರು, ನಿಮಗ್ಯಾಕೆ ತೊಂದ್ರೆ? ಕೊಡಿ, ನಾನು ಚುಚ್ಚಿ ತೋರಿಸ್ತೀನಿ,” ಎಂದು ಒಬ್ಬ ಕೈ ಚಾಚಿದ. ಅಪ್ಪ ಕೊಡಲಿಲ್ಲ.

ಹೊರಗೆ ಬಂದ ಮೇಲೆ ಅವಳ ಕಿವಿಯಲ್ಲಿ ಹೇಳಿದರು: “ಇನ್ನೊಬ್ಬರ ಕೈಯಲ್ಲಿ ಕೊಟ್ಯೋ, ಅಂಗೈಯಲ್ಲಿ ಮೊದಲೇ ಒಳ್ಳೇ ಕಾಳು ಮುಚ್ಚಿಟ್ಟುಕೊಂಡಿರ್ತಾರೆ. ನಮ್ಮ ಕೈಯೊಂದನ್ನ ಬಿಟ್ಟು ಯಾರ ಕೈಯನ್ನೂ ನಂಬಬಾರದು.”

ಹಾಗೇ ನಡೆದುಕೊಂಡರು. ಪ್ರತಿ ತಿಂಗಳೂ ಹೋಗುತ್ತಿದ್ದರು, ಚುಚ್ಚುತ್ತಿದ್ದರು, ಕಚ್ಚುತ್ತಿದ್ದರು, ಗೋದಾಮಿನ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಬಿತ್ತನೆಗೆ ಮೊದಲೇ ಸರ್ಕಾರ ಖರೀದಿ ಬೆಲೆ ಹೇಳಬೇಕೆಂದು ಏಳು ವರ್ಷ ಕಾಡಿ ಕಾನೂನು ಮಾಡಿಸಿದರು. ಸಣ್ಣ ಬೆಳೆಗಾರರಿಂದ ನೇರವಾಗಿ ಕೊಳ್ಳಬೇಕೆಂದು ಹಟ ಹಿಡಿದರು. ಪ್ರತಿ ಚೀಲದ ಮೇಲೂ ಖರೀದಿಯ ತಾರೀಖು ಇರಲೇಬೇಕೆಂದು ತಿದ್ದುಪಡಿ ತಂದಾಗ ಎದುರು ಸಾಲಿನಿಂದ ಒಬ್ಬರು, “ಚೀಲಕ್ಕೂ ಹುಟ್ಟುಹಬ್ಬ ಮಾಡ್ತೀರೇನ್ರೀ?” ಎಂದು ಕೂಗಿದ್ದರು. ಸದನ ಬಿದ್ದು ಬಿದ್ದು ನಕ್ಕಿತ್ತು. ಅಪ್ಪ ಜೇಬಿನಿಂದ ಒಂದು ಹಿಡಿ ಗೋಧಿ ತೆಗೆದು ಮೇಜಿನ ಮೇಲೆ ಸುರಿದರು. “ಮಾನ್ಯ ಅಧ್ಯಕ್ಷರೇ, ನಾನು ಕೈಯಾರೆ ಚುಚ್ಚಿ ನೋಡಿದ್ದೇನೆ. ನಗುವವರು ಒಂದು ಸಲ ಚುಚ್ಚಿ ನೋಡಲಿ.” ಗ್ಯಾಲರಿಯಲ್ಲಿ ಕೂತಿದ್ದ ಮಗಳು ಹೆಮ್ಮೆಯಿಂದ ಪಕ್ಕದವರ ಕಡೆ ತಿರುಗಿ ನೋಡಿದ್ದಳು. ನಮ್ಮಪ್ಪನಂಥವರು ಇನ್ನೊಬ್ಬರಿಲ್ಲ ಅಂದುಕೊಂಡಿದ್ದಳು.

*

ಹತ್ತು ಗಂಟೆಗೆ ಗೋದಾಮಿನ ಗುತ್ತಿಗೆದಾರ ಬಂದ. ಅವನಿಗಿಂತ ಮೊದಲು ಹೂವಿನ ಚಕ್ರ ಬಂತು. ಅದು ಎಷ್ಟು ದೊಡ್ಡದೆಂದರೆ ಅದನ್ನು ಹೊತ್ತವರ ಮುಖವೇ ಕಾಣುತ್ತಿರಲಿಲ್ಲ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಗೊಳೋ ಎಂದು ಅತ್ತ. ನಡುವೆ ಎರಡು ಸಲ ತಲೆಯೆತ್ತಿ ಕ್ಯಾಮೆರಾ ಎಲ್ಲಿದೆ ಎಂದು ನೋಡಿಕೊಂಡ.

“ತಂಗಿ, ನಾನು ಇವತ್ತು ಊರಲ್ಲೇ ಇರ್ತಿರಲಿಲ್ಲ. ಸುದ್ದಿ ಕೇಳಿ ಎಲ್ಲ ಕೆಲಸ ಬಿಟ್ಟು ನಿಂತೆ,” ಎಂದ ಮಗಳ ಬಳಿ ಬಂದು. “ಮಂತ್ರಿಗಳ ಹತ್ರ ಮಾತಾಡಿದ್ದೀನಿ. ಮೆರವಣಿಗೆ ಗೋದಾಮಿನ ಮುಂದೆ ಐದು ನಿಮಿಷ ನಿಲ್ಲುತ್ತೆ. ಒಳಗೆ ಫೋಟೋ ಇಟ್ಟಿದ್ದೀವಿ, ಕೆಳಗೆ ಅವರದೇ ಮಾತು ಬರೆಸಿದ್ದೀವಿ, ‘ನಾನು ಕೈಯಾರೆ ಚುಚ್ಚಿ ನೋಡಿದ್ದೇನೆ’ ಅಂತ. ಗೋದಾಮಿಗೂ ಅವರ ಹೆಸರೇ ಇಡಬೇಕು ಅಂತಿದ್ದೀವಿ. ಏನಂತೀರಿ?”

“ನಾನೇನು ಹೇಳಲಿ?”

“ನೀವೇ ಹೇಳಬೇಕು, ಇನ್ಯಾರು?” ಅವನ ಕಣ್ಣು ದಾರಿಯಲ್ಲಿ ನಿಂತ ಏಣಿಯ ಕಡೆ ಹೋಯಿತು, ಅಲ್ಲೇ ನಿಂತಿತು. “ಅಂದ ಹಾಗೆ, ಆ ಏಣಿ… ಸಾಹೇಬ್ರು ಯಾಕೆ ತಂದಿದ್ರು?”

“ನಿಮಗ್ಯಾಕೆ?”

“ಏನಿಲ್ಲಪ್ಪ, ಸುಮ್ನೆ ಕೇಳಿದೆ.” ನಕ್ಕು ಹಣೆಯ ಬೆವರು ಒರೆಸಿಕೊಂಡ. ಬೆವರುವಂಥ ಸೆಕೆಯೇನೂ ಇರಲಿಲ್ಲ.

*

ಒಂದು ತಿಂಗಳ ಹಿಂದೆ ಆಸ್ಪತ್ರೆಗೆ ಬಂದ ತಾಯಂದಿರು ಒಬ್ಬರ ಹಿಂದೆ ಒಬ್ಬರಂತೆ ಒಂದೇ ದೂರು ಹೇಳಿದ್ದರು. ಪಡಿತರದ ಹಿಟ್ಟು ಕಹಿ, ಮಕ್ಕಳು ಉಗುಳುತ್ತವೆ, ಬಲವಂತ ಮಾಡಿದರೆ ವಾಂತಿ. ತೂಕ ನೋಡಿದರೆ ಮಕ್ಕಳು ಏರುವ ಬದಲು ಇಳಿಯುತ್ತಿದ್ದವು. ಮಗಳು ಒಂದು ಹಿಡಿ ಗೋಧಿ ಕಟ್ಟಿಕೊಂಡು ಬಂದು ಅಪ್ಪನ ಮುಂದೆ ಬಿಚ್ಚಿದಳು.

ಅವರು ಒಂದು ಕಾಳು ಕಚ್ಚಿದರು, ಮುಖ ಕಿವುಚಿದರು. “ಇದು ನಮ್ಮ ಗೋದಾಮಿಂದಲ್ಲ. ನಾನೇ ನೋಡಿದ್ದೀನಿ.”

“ನಮ್ಮದೇ ಅಪ್ಪ. ಚೀಲದ ಮೇಲೆ ನೀವು ಹಾಕಿಸಿದ ತಾರೀಖೇ ಇದೆ.”

ಆ ಸಂಜೆಯೇ ಅವರು ಪ್ರಶ್ನೆ ಬರೆದರು. ಕೆಲವು ವಾರ ಕಳೆದು ಒಂದು ಸೋಮವಾರ ಅದು ಪಟ್ಟಿಯಲ್ಲಿ ಮೂರನೆಯದಾಗಿ ಬಂತು. ಮಗಳು ರಜೆ ಹಾಕಿ ಗ್ಯಾಲರಿಯಲ್ಲಿ ಕೂತಳು. ಅಧ್ಯಕ್ಷರು ಹೆಸರು ಕರೆದರು. ಮೈಕಿನ ಕತ್ತು ಬಗ್ಗಿಸಿದರು. ಅಪ್ಪ ಎದ್ದು ನಿಂತು, “ಪ್ರಶ್ನೆಯನ್ನು ಹಿಂಪಡೆಯುತ್ತೇನೆ,” ಎಂದು ಕೂತುಬಿಟ್ಟರು. ಆಡಳಿತ ಪಕ್ಷದವರು ಮೇಜು ಕುಟ್ಟಿದರು. ಎದುರು ಸಾಲಿನಿಂದ ಯಾರೋ ಶಿಳ್ಳೆ ಹಾಕಿದರು.

ಮನೆಗೆ ಬಂದು ಅವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಯಾರಿಗೆ ಮಾರಿಕೊಂಡ್ರಿ, ಅಪ್ಪ?”

ಅವರು ಅವಳನ್ನು ನೋಡಿದರು. “ಬರೋ ವಾರ ಶುಕ್ರವಾರದವರೆಗೆ ತಡಿ,” ಎಂದಷ್ಟೇ ಹೇಳಿದರು. “ಕಣ್ಣಾರೆ ನೋಡದೆ ನಾನು ಯಾವತ್ತೂ ಮಾತಾಡಿಲ್ಲ.”

ಅವಳು ತಡೆಯಲಿಲ್ಲ. ಬ್ಯಾಗು ಎತ್ತಿಕೊಂಡು ಆಸ್ಪತ್ರೆಯ ವಸತಿಗೆ ಹೊರಟುಹೋದಳು. ಒಂಬತ್ತು ದಿನ ಅಪ್ಪನ ಫೋನು ಬಂದರೂ ಎತ್ತಲಿಲ್ಲ. ಹತ್ತನೆಯ ದಿನ ಬಂದ ಫೋನು ಅಮ್ಮನದಾಗಿತ್ತು.

ಇವತ್ತು ಶುಕ್ರವಾರ.

*

ಅಡುಗೆಮನೆಯ ಹಿಂಬಾಗಿಲು ಯಾರೋ ಮೆಲ್ಲಗೆ ತಟ್ಟಿದರು. ಮಗಳು ಚಿಲಕ ತೆಗೆದಾಗ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ನಿಂತ ಒಬ್ಬ ಉದ್ದನೆಯ ಮುದುಕ ಕಂಡ. ಗೋದಾಮಿನ ಹಮಾಲ. ಅಲ್ಲಿ ಎಲ್ಲರೂ ಅವನನ್ನು ಕಂಬಣ್ಣ ಎನ್ನುತ್ತಿದ್ದರು.

“ಮುಂದಿನಿಂದ ಬರೋಕೆ ಆಗಲಿಲ್ಲ ತಾಯಿ. ಗುತ್ತಿಗೆದಾರರಿದ್ದಾರೆ,” ಎಂದ. “ಸಾಹೇಬ್ರು ಇವತ್ತು ಗೋದಾಮಿಗೆ ಬರ್ತೀನಿ ಅಂದಿದ್ರು. ಏಣಿ ನಾನೇ ತರ್ತೀನಿ, ಅಲ್ಲಿಂದು ಕೇಳಿದ್ರೆ ಗೊತ್ತಾಗಿಬಿಡುತ್ತೆ ಅಂದಿದ್ರು. ಈ ಶುಕ್ರವಾರ ಗುತ್ತಿಗೆದಾರರು ಊರಲ್ಲಿರಲ್ಲ ಅಂತ ನಾನೇ ಹೇಳಿದ್ದೆ.”

ಅವಳು ಬಾಗಿಲು ಹಿಡಿದುಕೊಂಡಳು. “ಏಣಿ ಗೋದಾಮಿಗಾ? ಯಾಕೆ?”

ಕಂಬಣ್ಣ ನೆಲ ನೋಡಿದ. “ಸಾಹೇಬ್ರ ಸಾಲು ಅಂತೀವಿ ನಾವು. ನೆಲದಿಂದ ಆರು ಚೀಲ. ಅದಕ್ಕಿಂತ ಮೇಲೆ ಅವರ ಕೈ ಹೋಗ್ತಿರಲಿಲ್ಲ. ಬೇರೆಯವರು ಚುಚ್ಚಿಕೊಡ್ತೀವಿ ಅಂದ್ರೂ ಬಿಡ್ತಿರಲಿಲ್ಲ. ಅಂದ್ಮೇಲೆ ಆ ಆರು ಸಾಲು ಒಳ್ಳೇದಿದ್ರೆ ಸಾಕಲ್ವಾ? ಮೇಲಿಂದು ಹೇಗಿದ್ರೂ ನಡೀತಿತ್ತು. ಮೇಲಿಂದೇ ಪಡಿತರಕ್ಕೆ ಹೋಗೋದು, ಶಾಲೆಗೆ ಹೋಗೋದು. ಕೆಳಗಿಂದು ಅಲ್ಲೇ ಇರೋದು.”

“ಎಷ್ಟು ವರ್ಷದಿಂದ?”

“ನಾನು ಸೇರಿದಾಗಿಂದ.”

“ಎಷ್ಟು ವರ್ಷ ಅಂತ ಕೇಳಿದೆ!”

“ಇಪ್ಪತ್ತೆರಡು.” ಅವನ ದನಿ ಬಿದ್ದುಹೋಯಿತು. “ಹೊಟ್ಟೆಪಾಡು ತಾಯಿ. ಹೇಳೋ ಧೈರ್ಯ ಬರಲಿಲ್ಲ. ಪ್ರಶ್ನೆ ಇದ್ದ ದಿನ ಬೆಳಿಗ್ಗೆ ಸಾಹೇಬ್ರು ಒಬ್ಬರೇ ಬಂದ್ರು. ‘ನಾನು ನೋಡಿದ್ದು ಒಳ್ಳೇದು, ನನ್ನ ಮಗಳು ತಂದಿದ್ದು ಕಹಿ. ಎರಡೂ ಇಲ್ಲಿಂದೇ. ಹೇಗೆ ಕಂಬಣ್ಣ?’ ಅಂದ್ರು. ನಾನು ಬಾಯಿ ಬಿಡಲಿಲ್ಲ. ಕತ್ತೆತ್ತಿ ಮೇಲೆ ನೋಡಿದೆ, ಅಷ್ಟೆ. ಅವರೂ ನೋಡಿದ್ರು. ಬಹಳ ಹೊತ್ತು ನೋಡಿದ್ರು. ಆಮೇಲೆ ತಮ್ಮ ಕೈ ನೋಡ್ಕೊಂಡ್ರು.”

ಮಗಳು ಹೊಸ್ತಿಲ ಮೇಲೆ ಕೂತಳು. ಯಾರಿಗೆ ಮಾರಿಕೊಂಡ್ರಿ! ಹಾಗೆ ಕೇಳಿದವಳು ಅವಳೇ. ಅಪ್ಪ ಯಾರಿಗೂ ಮಾರಿಕೊಂಡಿರಲಿಲ್ಲ. ಊರೆಲ್ಲವನ್ನೂ ಅನುಮಾನಿಸಿದ ಮನುಷ್ಯನಿಗೆ ತನ್ನ ಕುಳ್ಳುತನದ ಮೇಲೊಂದು ಅನುಮಾನ ಬಂದಿರಲಿಲ್ಲ, ಅಷ್ಟೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು, ಎರಡು ದಿನದಲ್ಲಿ ಮೊದಲ ಸಲ.

“ನೀನು ಇಲ್ಲಿ ಯಾಕೆ ಬಂದೆ?” ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದರು. ಕೇಳಿದ್ದು ಕಂಬಣ್ಣನನ್ನು.

ಮಗಳು ಎದ್ದಳು. “ಅವರನ್ನ ಗದರಬೇಡಿ. ಮೊದಲು ನಿಮ್ಮ ಜೇಬಲ್ಲಿರೋದನ್ನ ತೆಗೀರಿ. ಅಪ್ಪನ ಮೇಜಿಂದ ಏನು ಕದ್ರಿ?”

“ಕದ್ದೆ ಅಂತೀಯಾ? ನನ್ನಣ್ಣನ ಮನೇಲಿ?” ಚಿಕ್ಕಪ್ಪನ ಮುಖ ಕೆಂಪೇರಿತು. ಹಾಳೆ ತೆಗೆದು ಅವಳ ಕೈಗೆ ತುರುಕಿದರು. “ಓದು. ಆಮೇಲೆ ಬೈ.”

ಅದು ಪ್ರಶ್ನೆಗೆ ಇಲಾಖೆ ಕೊಡಬೇಕೆಂದಿದ್ದ ಉತ್ತರ. ಸದನ ಸೇರುವ ಮೊದಲು ಸದಸ್ಯರಿಗೆ ಕಳಿಸುವಂಥದ್ದು. ಎರಡೇ ಸಾಲು: “ದಾಸ್ತಾನಿನ ಗುಣಮಟ್ಟ ತೃಪ್ತಿಕರವಾಗಿರುತ್ತದೆ. ಮಾನ್ಯ ಸದಸ್ಯರೇ ಮೂವತ್ತು ವರ್ಷಗಳಿಂದ ಪ್ರತಿ ತಿಂಗಳೂ ಖುದ್ದಾಗಿ ಪರೀಕ್ಷಿಸಿ ಸಹಿ ಮಾಡಿರುತ್ತಾರೆ.”

“ಪ್ರಶ್ನೆ ಕೇಳಿದ್ರೆ ಇದನ್ನೇ ಓದೋರು. ಅಣ್ಣನ ಸಹಿಯಿಂದಲೇ ಅಣ್ಣನ ಬಾಯಿ ಮುಚ್ಚಿಸೋರು,” ಎಂದರು ಚಿಕ್ಕಪ್ಪ. “ಅದಕ್ಕೇ ಹಿಂಪಡೆದ. ನನಗೂ ಏನೂ ಹೇಳಲಿಲ್ಲ, ಆದ್ರೆ ನನಗೇನು ಅರ್ಥ ಆಗಲ್ವಾ? ಈ ಹಾಳೆ ಅವನ ಜೊತೆ ಮಣ್ಣಾಗಲಿ ಅಂತ ತಗೊಂಡೆ. ಕೇಳು ಮಗಳೇ, ನಿನ್ನ ತಲೇಲಿ ಏನು ಓಡ್ತಿದೆ ಅಂತ ನನಗೆ ಗೊತ್ತು. ಬೇಡ. ನೀನು ಆ ಏಣಿ ಹತ್ತಿದ್ರೆ ಬೀಳೋದು ಗುತ್ತಿಗೆದಾರ ಅಲ್ಲ, ನಿಮ್ಮಪ್ಪ. ಮೂವತ್ತು ವರ್ಷದ ಭಾಷಣ ಎಲ್ಲ ನಗೆಪಾಟಲಾಗುತ್ತೆ. ಇವತ್ತೊಂದು ದಿನ ಅವನನ್ನ ದೊಡ್ಡವನಾಗೇ ಕಳಿಸೋಣ.”

ಮಗಳು ಹಾಳೆಯನ್ನು ಇನ್ನೊಮ್ಮೆ ಓದಿದಳು. ಚಿಕ್ಕಪ್ಪ ಹೇಳಿದ್ದರಲ್ಲಿ ಸುಳ್ಳೇನಿತ್ತು? ಸುಮ್ಮನಿದ್ದರೆ ಅಪ್ಪ ಮಾರಿಕೊಂಡವರು ಎಂದು ಅಂಗಳದ ಕುರ್ಚಿಗಳು ಪಿಸುಗುಟ್ಟುತ್ತವೆ. ಬಾಯಿ ಬಿಟ್ಟರೆ ಮೋಸಹೋದ ಪೆದ್ದ ಎಂದು ಊರು ನಗುತ್ತದೆ. ಆಸ್ಪತ್ರೆಯ ತಕ್ಕಡಿಯಲ್ಲಿ ಮಕ್ಕಳ ತೂಕ ಮಾತ್ರ ಎರಡರಲ್ಲಿ ಒಂದಕ್ಕೇ ಬದಲಾಗುವುದು.

ಅಮ್ಮ ಯಾವಾಗ ಬಂದರೋ, ಅವಳ ಹಿಂದೆ ನಿಂತಿದ್ದರು. ಕೈಯಲ್ಲಿ ಚುಚ್ಚುಗೊಳವೆ ಇತ್ತು.

“ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ,” ಎಂದರು ಚಿಕ್ಕಪ್ಪ.

“ಅವರಿಗೆ ನಗುವವರ ಭಯ ಯಾವತ್ತಿತ್ತು?” ಎಂದರು ಅಮ್ಮ. “ಎದೆ ಹಿಡ್ಕೊಂಡು ಆ ಏಣಿ ಹೊತ್ತು ತಂದ್ರು. ಹಿತ್ತಿಲಲ್ಲಿ ಇಡೋಕಾ? ಅದೂ ಬರಲಿ, ಗಾಡಿಯಲ್ಲಿ ಹಾಕಿ.”

*

ಮೆರವಣಿಗೆ ಹೊರಟಾಗ ರಸ್ತೆಯ ಎರಡೂ ಬದಿಯ ಜನಕ್ಕೆ ಒಂದು ವಿಚಿತ್ರ ಕಂಡಿತು. ಮುಂದೆ ಪೆಟ್ಟಿಗೆಯ ಗಾಡಿ. ಅದರ ಬೆನ್ನಿಗೇ ಇನ್ನೊಂದು ಗಾಡಿಯಲ್ಲಿ ಹೊಸ ಏಣಿ. ಏಣಿ ಯಾಕಂತೆ ಎಂದು ಒಬ್ಬರನ್ನೊಬ್ಬರು ಕೇಳಿದರು. ಗುತ್ತಿಗೆದಾರ ಮೂರು ಸಲ ಹಿಂತಿರುಗಿ ನೋಡಿದ. ನಾಲ್ಕನೆಯ ಸಲ ಯಾರಿಗೋ ಫೋನು ಹಚ್ಚಿದ. ಆದರೆ ಮಂತ್ರಿಗಳು ಪಕ್ಕದಲ್ಲೇ ನಡೆಯುತ್ತಿದ್ದರು, ಕ್ಯಾಮೆರಾಗಳು ಮುಂದಿದ್ದವು. ಮೆರವಣಿಗೆ ಗೋದಾಮಿನ ಮುಂದೆ ನಿಲ್ಲುವಂತೆ ಏರ್ಪಾಟು ಮಾಡಿದವನು ಅವನೇ. ಬೇಡವೆನ್ನುವುದು ಹೇಗೆ?

ಗೋದಾಮಿನ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆ ಚೀಲಗಳ ಎತ್ತರದ ಗೋಡೆ. ಅದರ ಬುಡದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಓರೆಯಾಗಿ ಒರಗಿಸಿಟ್ಟ ಶಾಸಕರ ದೊಡ್ಡ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ ಅವರ ಮಾತು. ಕೆಳಗಿನ ಆರು ಸಾಲು ಚೀಲಗಳು ಹೊಸ ಬಟ್ಟೆ ತೊಟ್ಟವರಂತೆ ಮಿರಮಿರ ಹೊಳೆಯುತ್ತಿದ್ದವು.

“ನಿನ್ನೆಯಷ್ಟೇ ಬದಲಾಯಿಸಿದ್ದೀವಿ,” ಎಂದು ಕಂಬಣ್ಣ ಮಗಳ ಕಿವಿಯಲ್ಲಿ ಹೇಳಿದ. “ಫೋಟೋಕ್ಕೆ ಚೆಂದ ಕಾಣಲಿ ಅಂತ.”

ಮಗಳು ಏಣಿ ಬಿಡಿಸಿ ಮೇಜಿನ ಪಕ್ಕ ನಿಲ್ಲಿಸಿದಳು.

“ತಂಗಿ, ಏನಿದು? ಮೇಲೆ ಹತ್ತಬೇಡಿ, ಚೀಲ ಜಾರುತ್ತೆ!” ಗುತ್ತಿಗೆದಾರ ಓಡಿ ಬಂದ.

“ಅಪ್ಪ ಪ್ರತಿ ತಿಂಗಳು ನೋಡ್ತಿದ್ರಲ್ಲ? ಈ ತಿಂಗಳಿಂದು ಬಾಕಿ ಇದೆ. ಒಂದೇ ಒಂದು ಚೀಲ ನೋಡಿ ಇಳೀತೀನಿ.”

“ಹಾಗಿದ್ರೆ ಇಲ್ಲೇ ಕೆಳಗೆ ನೋಡಿ, ಸಾಹೇಬ್ರ ಹಾಗೆ…”

“ನಾನು ಸ್ವಲ್ಪ ಎತ್ತರ,” ಎಂದು ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ಕಂಬಣ್ಣ ಬಂದು ಏಣಿಯ ಒಂದು ಕಾಲು ಹಿಡಿದ. ಗುತ್ತಿಗೆದಾರ ಅವನನ್ನು ದುರುಗುಟ್ಟಿ ನೋಡಿದ. ಕಂಬಣ್ಣ ಹಿಡಿತ ಬಿಡಲಿಲ್ಲ. ಇನ್ನೊಂದು ಕಾಲನ್ನು ಇನ್ನೊಬ್ಬ ಹಮಾಲ ಹಿಡಿದ. ಆಮೇಲೆ ಚಿಕ್ಕಪ್ಪ, ಗೊಣಗುತ್ತಲೇ, ಬಂದು ಬೆನ್ನು ಕೊಟ್ಟು ನಿಂತರು. ಎರಡನೆಯ ಮೆಟ್ಟಿಲನ್ನು ಮಾತ್ರ ಅವಳು ತುಳಿಯದೆ ದಾಟಿದಳು.

ಒಂಬತ್ತನೆಯ ಸಾಲು ಅವಳ ಎದೆಯ ಮಟ್ಟಕ್ಕೆ ಬಂತು. ಚುಚ್ಚಿದಳು, ಅಪ್ಪ ಕಲಿಸಿದಂತೆ ಬಗ್ಗಿಸಿದಳು. ಸುರುಸುರು ಸದ್ದಾಗಲಿಲ್ಲ. ಕೊಳವೆಯ ಬಾಯಿಂದ ಬೂದುಬಣ್ಣದ ಪುಡಿ, ಜೊತೆಗೆ ಸತ್ತ ಹುಳ, ಅವಳ ಅಂಗೈ ತುಂಬಿ, ಬೆರಳ ಸಂದಿಯಿಂದ ಜಾರಿ, ಹೊಸ ಚೀಲಗಳ ಮೇಲಿಂದ ಕೆಳಗೆ ಇಳಿಯಿತು. ಅವಳು ಅದರಲ್ಲಿ ಒಂದು ಕಾಳು ಹುಡುಕಿ ಕಚ್ಚಿದಳು. ಕಹಿಗೆ ಕಣ್ಣಲ್ಲಿ ನೀರು ಬಂತು.

ಪುಡಿ ನೇರವಾಗಿ ಫೋಟೋದ ಮೇಲೆ ಬೀಳುತ್ತಿತ್ತು. ಗುತ್ತಿಗೆದಾರ ಕರವಸ್ತ್ರ ತೆಗೆದು ಒರೆಸಲು ಕೈ ಚಾಚಿದ. ಅಮ್ಮ ಅವನ ಮಣಿಕಟ್ಟು ಹಿಡಿದರು.

“ಒರೆಸಬೇಡಿ. ಬೀಳಲಿ.”

ಮೇಲಿನಿಂದ ಪುಡಿ ಸುರಿಯುತ್ತಲೇ ಇತ್ತು. ಗಾಜಿನ ಮೇಲೆ ಜಾರಿ ಚೌಕಟ್ಟಿನ ಬುಡದಲ್ಲಿ ಕೂಡುತ್ತ, ದಪ್ಪಕ್ಷರದ ಆ ಮಾತನ್ನು ಒಂದು ತುದಿಯಿಂದ ಮುಚ್ಚುತ್ತ ಬಂತು. ಅದರ ಮೇಲೆ ಶಾಸಕರು, ಯಾವತ್ತಿನಂತೆ ಕತ್ತು ತುಸು ಮೇಲೆತ್ತಿ, ಎತ್ತರದಲ್ಲಿದ್ದ ಯಾವುದನ್ನೋ ನೋಡುತ್ತಿದ್ದರು.